ಕಿಯಾಯಿ ಸ್ವರದ ಹೊಟ್ಟೆಯಲ್ಲಿ ಸಿಕ್ಕಿದ್ದು

ಸೈಕಲ್ ರಿಕ್ಷಾದವನು ಆ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮುಂದಿನ ಕೋಣೆಯ ಮೇಜಿನ ಮೇಲಿಟ್ಟಾಗ ಮರ್ದಿಕುನ್ ಕುರ್ಚಿ ಬಿಟ್ಟು ಏಳಲಿಲ್ಲ. ಅರವತ್ತೇಳರ ಮಂಡಿ, ಒಮ್ಮೆ ಎದ್ದರೆ ಮತ್ತೆ ಕೂರುವುದಕ್ಕೆ ಅರ್ಧ ಗಂಟೆಯ ಯೋಚನೆ ಬೇಕು. ಕೂತಲ್ಲಿಂದಲೇ ನೋಡಿದ. ಕಂದು ಬಾತಿಕ್ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮೂಲೆಯನ್ನೂ ಮೇಲೆ ತಂದು ಗಂಟು ಹಾಕಿದ್ದರು. ಒಳಗೇನಿದೆ ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವನ ಅನ್ನಕ್ಕೆ ಕಲ್ಲು ಹಾಕಿದ ವಾಲ್ವ್ ರೇಡಿಯೋ ಅದು.

ಅವನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದಾಗ ಊರು ಬಿಟ್ಟು ಹೊರಟ ಡಚ್ಚನೊಬ್ಬ ಕೊಟ್ಟುಹೋದದ್ದು. ಐದು ವಾಲ್ವು, ತೇಗದ ಪೆಟ್ಟಿಗೆ, ಮೂಲೆಯಲ್ಲಿ ಸ್ಟೇಷನ್ ಹಿಡಿದಾಗ ಹಸಿರಾಗಿ ಕಿರಿದಾಗುವ, ಬೆಕ್ಕಿನ ಕಣ್ಣು ಎಂಬ ದೀಪ. ಜಾವಾದ ನಮ್ಮ ಸೋಲೋ ಊರಿನಲ್ಲಿ ಹಳೆಯ ಕಠಾರಿ, ಹಳೆಯ ಜಾಗಟೆಗೆಲ್ಲ ಕಿಯಾಯಿ ಎಂದು ಹಿರಿಯರ ಮರ್ಯಾದೆ ಕೊಟ್ಟು ಹೆಸರಿಡುತ್ತಾರೆ. ಅಪ್ಪ ತಮಾಷೆಗೆ ರೇಡಿಯೋವನ್ನೂ ಕಿಯಾಯಿ ಸ್ವರ ಎಂದು ಕರೆದ. ತಮಾಷೆ ಅಪ್ಪನ ಜೊತೆ ಮಣ್ಣಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು. ಅಣ್ಣ ಸುವಂದೊ ತಮಾಷೆ ತಿಳಿಯುವ ಪೈಕಿಯವನಲ್ಲ.

ಆ ಕಾಲದಲ್ಲಿ ಮರ್ದಿಕುನ್ ಇದೇ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಕೈಗುಣ ಒಳ್ಳೆಯದು ಎಂದು ನದಿಯಾಚೆಯಿಂದಲೂ ಜನ ಬರುತ್ತಿದ್ದರು. ಅಂಥ ಕೈಗೆ ನಮ್ಮವರು ತಂಪು ಕೈ ಅನ್ನುತ್ತಾರೆ. ಅಪ್ಪ ತೀರಿಕೊಂಡ ತಿಂಗಳು ಅಣ್ಣ ಕರೆಸಿ, ಕಿಯಾಯಿ ಗೊರಗೊರ ಅನ್ನುತ್ತಿದೆ ನೋಡು ಎಂದ. ಇವನು ಒಂದು ಕಂಡೆನ್ಸರ್ ಬದಲಿಸಿದ, ಗೊರಗೊರ ಹೋಯಿತು. ಎರಡು ತಿಂಗಳು ಬಿಟ್ಟು ಅಪ್ಪನ ನೂರನೆಯ ದಿನದ ಪ್ರಾರ್ಥನೆಗೆ ಐವತ್ತು ಜನ ಚಾಪೆಯ ಮೇಲೆ ಕೂತಿದ್ದಾಗ ಅಣ್ಣ ಸ್ವಿಚ್ ಒತ್ತಿದ. ಒಂದೆಳೆ ಹೊಗೆ ಬಂತು, ಬೆಕ್ಕಿನ ಕಣ್ಣು ಆರಿತು.

"ಕೊನೇಲಿ ಮುಟ್ಟಿದ್ದು ಯಾರು?" ಎಂದು ಅಣ್ಣ ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದ. "ನನ್ನ ತಮ್ಮ. ತಂಪು ಕೈಯಂತೆ. ಅದು ಸುಡೋ ಕೈ."

ಅಷ್ಟೇ ಸಾಕಾಯಿತು. ಅಣ್ಣ ರೇಡಿಯೋವನ್ನು ಮತ್ತೆ ಮುಟ್ಟಗೊಡಲಿಲ್ಲ, ಏನಾಗಿದೆ ಎಂದು ನೋಡಗೊಡಲೂ ಇಲ್ಲ. ಒಡಹುಟ್ಟಿದವನೇ ಹೇಳಿದ ಮೇಲೆ ಊರು ನಂಬದೆ ಇರುತ್ತದೆಯೇ. ಮುಂದಿನ ಕೋಣೆಗೆ ಬರುವವರು ಕಡಿಮೆಯಾದರು, ಆಮೇಲೆ ನಿಂತರು. ನಲವತ್ತೆಂಟನೆಯ ವಯಸ್ಸಿನಲ್ಲಿ ಮರ್ದಿಕುನ್ ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿ, ಹನ್ನೆರಡು ವರ್ಷ ಓಣಿ ಓಣಿ ತಿರುಗಿ, ಮನೆಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎದ್ದು ಮಂಡಿ ಕಳೆದುಕೊಂಡ. ಹೆಂಡತಿ ರುಸ್ಮಿನಾ ಸೋಯಾಕಾಳು ಹುದುಗಿಸಿ ತೆಂಪೆ ಮಾಡಿ ಮಾರಿದಳು. ಆ ಹುಳಿ ವಾಸನೆ ಇವತ್ತಿಗೂ ಮನೆಯ ಗೋಡೆಗೆಲ್ಲ ಹಿಡಿದಿದೆ.

ಈಗ ಅಮ್ಮ ತೀರಿಕೊಂಡು ಸಾವಿರನೆಯ ದಿನ ಹತ್ತಿರ ಬಂದಿತ್ತು. ಸತ್ತವರು ಈ ಮನೆಯ ಹಂಗು ಪೂರ್ತಿ ಹರಿದುಕೊಂಡು ಹೋಗುವ ದಿನ ಅದು. ಹಿಂದಿನ ವಾರವಷ್ಟೇ ಅಣ್ಣ ಫೋನ್ ಮಾಡಿದ್ದ. ನಮ್ಮಲ್ಲಿ ತಮ್ಮನನ್ನು ದಿಕ್, ಅಣ್ಣನನ್ನು ಮಾಸ್ ಎಂದು ಕರೆಯುತ್ತಾರೆ.

"ದಿಕ್, ಅಮ್ಮ ಕೊನೇಲಿ ಒಂದು ಮಾತು ಹೇಳಿದ್ರು. ರೇಡಿಯೋನ ಚಿಕ್ಕವನ ಕೈಗೆ ಕೊಡು ಅಂತ. ಮೂರು ವರ್ಷ ಯೋಚನೆ ಮಾಡ್ದೆ. ಕೆಡಿಸ್ದೋನು ನೀನು, ಸರಿ ಮಾಡೋನೂ ನೀನೇ ಆಗು. ಸಾವಿರದ ದಿನ ಅದು ಹಾಡ್ಬೇಕು. ಆಯ್ತಾ?"

"ಇಂಗ್ಗಿ, ಮಾಸ್."

ಹಿರಿಯರ ಮುಂದೆ ಹೇಳುವ ಈ ಇಂಗ್ಗಿ ಎಂಬ ಮಾತಿನ ಮೇಲೆ ಜಾವಾದ ಅರ್ಧ ಸಂಸಾರಗಳು ನಿಂತಿವೆ, ಇನ್ನರ್ಧ ಮುರಿದಿವೆ. ಕೇಳಿದರೆ ಹೌದು ಎಂದಂತಿರುತ್ತದೆ. ನಿಜಕ್ಕೂ ಅದು, ನೀವು ಹೇಳಿದ್ದು ಕಿವಿಗೆ ಬಿತ್ತು, ಬಿದ್ದದ್ದನ್ನು ಏನು ಮಾಡುತ್ತೇನೋ ನನ್ನಿಷ್ಟ, ಎಂಬಷ್ಟೇ. ಮಾಡುತ್ತೇನೆ ಎನ್ನುವವನೂ ಇಂಗ್ಗಿ, ಸತ್ತರೂ ಮಾಡಲಾರೆ ಎನ್ನುವವನೂ ಇಂಗ್ಗಿ. ಸುಡೋ ಕೈ ಎಂದ ದಿನವೂ ಮರ್ದಿಕುನ್ ತಲೆ ತಗ್ಗಿಸಿ ಹೇಳಿದ್ದು ಅದನ್ನೇ. ಐವತ್ತು ಜನ ಅದನ್ನು ತಪ್ಪೊಪ್ಪಿಗೆ ಎಂದುಕೊಂಡು ಎದ್ದುಹೋದರು.

"ಇದು ಯಾವ ಇಂಗ್ಗಿ, ಪಾಕ್ನೆ?" ಎಂದು ರುಸ್ಮಿನಾ ಗಂಡನನ್ನು ಆಗಲೇ ಕೇಳಿದ್ದಳು. "ಮಾಡೋದಾ, ಮಲಗೋದಾ?"

"ನಂಗೂ ಗೊತ್ತಿಲ್ಲ ಬುನೆ. ಸಾಕಾಗಿದೆ."

ಸಾಕಾಗಿತ್ತು, ನಿಜ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಬಲಗೈ ಬೆರಳುಗಳು ಟೀ ಲೋಟ ಹಿಡಿದರೂ ಸಣ್ಣಗೆ ನಡುಗುತ್ತಿದ್ದವು. ಆದರೆ ಗಂಟು ಮೇಜಿನ ಮೇಲೆ ಬಂದು ಕೂತ ಮೇಲೆ ಎಷ್ಟು ದಿನ ನೋಡದೆ ಇರುವುದು. ಮೂರನೆಯ ದಿನ ಬೆಳಗ್ಗೆ, ರುಸ್ಮಿನಾ ಸಂತೆಗೆ ಹೋದದ್ದು ನೋಡಿ, ಅವನು ಹಿಂಬದಿಯ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿದ.

ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಬರಬೇಕಿತ್ತು. ಬಂದದ್ದು ಗೋರಿಯ ಮೇಲೆ ಒಣಗಿದ ಹೂವಿನ ವಾಸನೆ. ಟಾರ್ಚ್ ಹಿಡಿದು ಬಗ್ಗಿ ನೋಡಿದ. ವಾಲ್ವುಗಳ ಬುಡದಲ್ಲಿ ಕಂದು ಬಣ್ಣದ ಹೊಟ್ಟಿನಂಥದ್ದು ಪದರ ಪದರವಾಗಿ ಅಂಟಿತ್ತು. ಇಕ್ಕಳದಲ್ಲಿ ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ಉಜ್ಜಿದ. ಗುಲಾಬಿ ಎಸಳು. ಕೆಳಗೆ ಇನ್ನೊಂದು, ಅದರ ಕೆಳಗೆ ಒಂದು ಸಂಪಿಗೆಯ ಮೊಗ್ಗು. ತಗಡೆಲ್ಲ ತುಕ್ಕು ಹಿಡಿದು ಉಬ್ಬಿತ್ತು. ಸ್ಪೀಕರಿನ ಟ್ರಾನ್ಸ್‌ಫಾರ್ಮರ್ ಹಸಿರುಗಟ್ಟಿ, ಮುಟ್ಟಿದರೆ ತಂತಿ ಪುಡಿಪುಡಿಯಾಗಿ ಉದುರುತ್ತಿತ್ತು. ಸ್ಟೇಷನ್ ತಿರುಗಿಸುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಏನೋ ಬಿಳಿಚಿದ್ದು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವುದಕ್ಕೆ ಅವನ ನಡುಗುವ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ನಿಂಬೆ ಬೀಜ.

ರೇಡಿಯೋದೊಳಗೆ ಜಿರಲೆ ನೋಡಿದ್ದ, ಇಲಿಮರಿ ನೋಡಿದ್ದ, ಒಮ್ಮೆ ಯಾರದೋ ಪ್ರೇಮಪತ್ರವನ್ನೂ ನೋಡಿದ್ದ. ನಿಂಬೆ ಬೀಜ ನೋಡಿರಲಿಲ್ಲ.

ಆಮೇಲೆ ಹೊಳೆಯಿತು. ಸುರೋ ತಿಂಗಳು ಬಂತೆಂದರೆ ಮನೆಯ ಹಿರಿಮಗ ಕಠಾರಿ, ಈಟಿಗಳನ್ನು ಇಳಿಸಿ, ನಿಂಬೆರಸದಲ್ಲಿ ಉಜ್ಜಿ, ಹೂವಿನ ನೀರಿನಲ್ಲಿ ಮೀಯಿಸುತ್ತಾನೆ. ಕಬ್ಬಿಣದ ತುಕ್ಕು ಹೋಗುತ್ತದೆ, ಹಿರಿಯರ ಮನಸ್ಸು ತಣ್ಣಗಿರುತ್ತದೆ. ಅಪ್ಪ ಸತ್ತ ವರ್ಷ ಆ ಕೆಲಸ ಮೊದಲ ಸಲ ಅಣ್ಣನ ಪಾಲಿಗೆ ಬಂದಿತ್ತು. ಕಂಡೆನ್ಸರ್ ಬದಲಿಸಿದ ಮೇಲೆ, ನೂರನೆಯ ದಿನಕ್ಕೆ ಮೊದಲು, ನಡುವೆ ಬಂದದ್ದು ಸುರೋ. ಹೆಸರಲ್ಲಿ ಕಿಯಾಯಿ ಇದ್ದ ಮೇಲೆ ಸ್ನಾನ ತಪ್ಪಿಸುವ ಮನುಷ್ಯನೇ ಸುವಂದೊ? ಹಲಗೆ ಬಿಚ್ಚಿ, ಭಕ್ತಿಯಿಂದ, ಒಳಗೂ ಹೊರಗೂ ಹೊಯ್ದಿದ್ದಾನೆ. ರೇಡಿಯೋ ಸತ್ತ ಮೇಲೂ ಬಿಡಲಿಲ್ಲ. ಕಿಯಾಯಿ ಮುನಿಸಿಕೊಂಡಿದ್ದಾರೆ ಎಂದು ವರ್ಷವರ್ಷವೂ ಇನ್ನಷ್ಟು ನೀರು.

ಮರ್ದಿಕುನ್‌ಗೆ ಮೊದಲು ನಗು ಬಂತು, ಆಮೇಲೆ ಕೈಕಾಲೆಲ್ಲ ಬಿಸಿಯಾಗುವಷ್ಟು ಸಿಟ್ಟು ಬಂತು. ಆ ಹನ್ನೆರಡು ವರ್ಷದ ಒಂದೊಂದು ಮೀಟರೂ ನೆನಪಾಯಿತು. ಸಂತೆಯಿಂದ ಬಂದ ರುಸ್ಮಿನಾ ಬುಟ್ಟಿ ಇಳಿಸುವ ಮೊದಲೇ ಅಂಗೈ ಚಾಚಿ ಬೀಜ ತೋರಿಸಿದ.

ಅವಳು ಪೂರ್ತಿ ಕೇಳಿದಳು. "ಸೋಪು ಹಚ್ಚಿ ಬೆನ್ನು ಉಜ್ಜಲಿಲ್ವಲ್ಲ, ಪುಣ್ಯ," ಎಂದಳು. ನಗಲಿಲ್ಲ. "ಇದನ್ನ ಡಬ್ಬಿಗೆ ಹಾಕಿಡಿ. ಆವತ್ತು ಐವತ್ತು ಜನರ ಮುಂದೆ ನಿಮ್ಮ ಮರ್ಯಾದೆ ತೆಗೆದ್ರಲ್ಲ, ಈ ಸಲ ಅದೇ ಐವತ್ತು ಜನರ ಮುಂದೆ ಚಾಪೆ ಮೇಲೆ ಸುರೀರಿ. ಸತ್ತೋರನ್ನ ಬಿಟ್ಟು ಮಿಕ್ಕೋರೆಲ್ಲ ಇರ್ತಾರೆ."

"ಹ್ಞೂಂ."

"ಹ್ಞೂಂ ಅಲ್ಲ. ಸುರೀತೀನಿ ಅನ್ನಿ."

"ಸುರೀತೀನಿ."

ಹಾಗೆಂದು ಅವನು ಹೆಂಡತಿಗೆ ಮಾತು ಕೊಟ್ಟ. ಎಸಳುಗಳನ್ನೂ ಬೀಜವನ್ನೂ ಹಳೆಯ ಮುಲಾಮಿನ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ. ರೇಡಿಯೋ ಹಾಡಿದರೆ ಮಾತ್ರ ಆ ಡಬ್ಬಿಗೆ ಬೆಲೆ. ಹಾಡದಿದ್ದರೆ, ತಾನು ಕೆಡಿಸಿದ್ದನ್ನು ಮುಚ್ಚಲು ಹೂವಿನ ಕಥೆ ಕಟ್ಟಿದ ಎನ್ನುತ್ತಾರೆ.

ಉಳಿದದ್ದು ಇಪ್ಪತ್ತಾರು ದಿನ. ಹಳೆ ಸಾಮಾನಿನ ಸಂತೆಯಲ್ಲಿ ನಾಲ್ಕು ದಿನ ಅಲೆದು ಎರಡು ವಾಲ್ವು ಹುಡುಕಿದ. ತಗಡನ್ನು ಉಜ್ಜಿ ಬಣ್ಣ ಬಳಿದ. ಕಂಡೆನ್ಸರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಹತ್ತು ನಿಮಿಷದ ಬೆಸುಗೆಗೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಕಾದ ಕಡ್ಡಿಯ ತುದಿ ಬೇಕಾದಲ್ಲಿ ಬಿಟ್ಟು ಪಕ್ಕದಲ್ಲಿ ಕೂರುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರೆ ತಂತಿ ಹಿಡಿಯಲು ಕೈಯಿಲ್ಲ. ಹಾಗಾಗಿ ರುಸ್ಮಿನಾ ಹಿಡಿಯುತ್ತಿದ್ದಳು, ಸೋಯಾಕಾಳಿನ ಸಿಪ್ಪೆ ಅಂಟಿದ ಬೆರಳಲ್ಲಿ.

ಟ್ರಾನ್ಸ್‌ಫಾರ್ಮರಿಗೆ ಹೊಸ ಸುರುಳಿ ಸುತ್ತುವುದೇ ದೊಡ್ಡ ಹಿಂಸೆ. ಕೂದಲಿನಷ್ಟು ಸಣ್ಣ ತಂತಿ, ಸುಮಾರು ಮೂರು ಸಾವಿರ ಸುತ್ತು, ಒಂದರ ಪಕ್ಕ ಒಂದು. ಸಾವಿರದ ನಾನೂರಕ್ಕೆ ಬಂದಾಗ ಪಕ್ಕದ ಮನೆಯಾಕೆ, "ಬು ರುಸ್, ತೆಂಪೆ ಇದೆಯಾ?" ಎಂದು ಕೂಗಿದಳು. ಲೆಕ್ಕ ತಪ್ಪಿತು. ಅವನು ಎಲ್ಲವನ್ನೂ ಬಿಚ್ಚಿ ಒಂದರಿಂದ ಶುರು ಮಾಡಿದ. ಎರಡನೆಯ ಸಲ ಎರಡು ಸಾವಿರ ದಾಟಿದ ಮೇಲೆ ತಂತಿಯೇ ತುಂಡಾಯಿತು. ಅವತ್ತು ಊಟ ಮಾಡದೆ ಮಲಗಿದ. ಇಷ್ಟು ದಣಿವು ಮೀಟರ್ ಓದುವಾಗಲೂ ಆಗಿರಲಿಲ್ಲ. ಮಾರನೆಯ ಬೆಳಗ್ಗೆ ಮತ್ತೆ ಒಂದು, ಎರಡು, ಮೂರು.

ಸಾವಿರದ ದಿನಕ್ಕೆ ಎರಡು ದಿನ ಇರುವಾಗ ಸ್ವಿಚ್ ಒತ್ತಿದ. ವಾಲ್ವುಗಳು ಒಂದೊಂದಾಗಿ ಕೆಂಪಾದವು. ಬೆಕ್ಕಿನ ಕಣ್ಣು ಮಂಕಾಗಿ, ಆಮೇಲೆ ಹಸಿರಾಗಿ ತೆರೆಯಿತು. ಗುಂಯ್ ಎಂದ ಸ್ಪೀಕರಿನಿಂದ ಒಂದು ಗಂಡು ದನಿ ಸ್ಪಷ್ಟವಾಗಿ ಕೋಳಿ ಆಹಾರದ ಗುಣಗಾನ ಮಾಡತೊಡಗಿತು.

"ಹತ್ತೊಂಬತ್ತು ವರ್ಷ ಬಾಯಿ ಕಟ್ಕೊಂಡಿದ್ದು ಹೇಳೋಕೆ ಇದೇ ಸಿಕ್ತಾ," ಎಂದಳು ರುಸ್ಮಿನಾ. ಹೇಳಿ ಹೆಗಲ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಮರ್ದಿಕುನ್ ಕೋಳಿಗಳ ಮೊಟ್ಟೆ ಹೆಚ್ಚುವ ವಿಷಯವನ್ನು ಕೊನೆಯತನಕ ಕೇಳಿದ. ಸಂತೋಷವಾಯಿತು, ಆದರೆ ಅದನ್ನು ತೋರಿಸುವಷ್ಟು ಶಕ್ತಿ ಉಳಿದಿರಲಿಲ್ಲ.

ಸಾವಿರದ ದಿನವೂ ಸುರೋ ತಿಂಗಳಲ್ಲೇ ಬಿದ್ದಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡ ಹೆಂಡತಿ ಅಣ್ಣನ ಮನೆ ಮುಟ್ಟಿದರು. ಹಿತ್ತಲಲ್ಲಿ ಹೆಂಗಸರು ಕೋಳಿ ಬೇಯಿಸುತ್ತಿದ್ದರು, ನಡುಮನೆಯಲ್ಲಿ ಚಾಪೆ ಹಾಸಿ ನೆಂಟರು, ಓಣಿಯ ಹಿರಿಯರು ಆಗಲೇ ಕೂತಿದ್ದರು. ಸುವಂದೊಗೆ ಎಪ್ಪತ್ಮೂರು, ಬೆನ್ನು ಮಾತ್ರ ಕೋಲಿನಷ್ಟು ನೆಟ್ಟಗೆ. ರೇಡಿಯೋವನ್ನು ತಾನೇ ಒಳಗೆ ಹೊತ್ತು, ಅಪ್ಪನ ಕಠಾರಿಯ ಪಕ್ಕ ಇರಿಸಿದ. ಮರ್ದಿಕುನ್ ಪ್ಲಗ್ ಚುಚ್ಚಿದ. ನಾಲ್ಕು ಗಂಟೆಯ ಗಮೆಲಾನ್ ವಾದ್ಯಮೇಳ ಆಗಷ್ಟೇ ಶುರುವಾಗಿತ್ತು. ದೊಡ್ಡ ಜಾಗಟೆಯ ದನಿ ತೇಗದ ಪೆಟ್ಟಿಗೆಯಿಂದ ನೆಲಕ್ಕಿಳಿದು ಕೂತವರ ತೊಡೆಗೆ ಮುಟ್ಟಿತು. ಮುದುಕಿ ಸೋದರತ್ತೆಯೊಬ್ಬಳು ಅತ್ತಳು.

"ನೋಡಿದ್ರಾ," ಎಂದ ಅಣ್ಣ. "ಕೆಡಿಸಿದ ಕೈಯೇ ಸರಿ ಮಾಡ್ಬೇಕು ಅಂತ ನಾನು ಹೇಳಿರ್ಲಿಲ್ವಾ? ಅಲ್ವಾ ದಿಕ್?"

"ಇಂಗ್ಗಿ, ಮಾಸ್."

ಹೆಂಗಸರ ನಡುವಿನಿಂದ ರುಸ್ಮಿನಾ ಗಂಡನ ಅಂಗಿಯ ಜೇಬನ್ನೇ ನೋಡುತ್ತಿದ್ದಳು. ಡಬ್ಬಿ ಅಲ್ಲೇ ಇತ್ತು. ಅವನು ಕೈ ಹಾಕಬೇಕು ಎನ್ನುವಷ್ಟರಲ್ಲಿ ಅಣ್ಣ ಒಳಗಿಂದ ಹಿತ್ತಾಳೆಯ ಬೋಗುಣಿ ತಂದ. ನೀರಿನ ಮೇಲೆ ಗುಲಾಬಿ, ಮಲ್ಲಿಗೆ, ಸಂಪಿಗೆ ತೇಲುತ್ತಿದ್ದವು; ಪಕ್ಕದ ತಟ್ಟೆಯಲ್ಲಿ ಹೆಚ್ಚಿದ ನಿಂಬೆಹಣ್ಣು.

"ಕಠಾರಿ ಸ್ನಾನ ಬೆಳಗ್ಗೆ ಆಯ್ತು. ಕಿಯಾಯಿದು ನಿಂಗೋಸ್ಕರ ಉಳಿಸಿದೀನಿ," ಎಂದು ಅಣ್ಣ ಬೋಗುಣಿಯನ್ನು ಚಾಚಿದ. "ಹಿರಿಮಗ ಮಾಡೋ ಕೆಲಸ ಇದು. ಈ ವರ್ಷ ನೀನು ಮಾಡು. ಹಳೇದೆಲ್ಲ ತೊಳೆದುಹೋಗ್ಲಿ."

ಚಾಪೆಯ ಮೇಲಿದ್ದವರು ಒಳ್ಳೆಯದು, ಒಳ್ಳೆಯದು ಎಂದರು. ಅಣ್ಣ ತನ್ನ ಜನ್ಮದಲ್ಲಿ ತಮ್ಮನಿಗೆ ಕೊಟ್ಟ ಅತಿ ದೊಡ್ಡ ಮರ್ಯಾದೆ ಅದು. ಮರ್ದಿಕುನ್‌ಗೆ ಅದು ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೊದಲು ಬಗ್ಗಿ ಪ್ಲಗ್ ಕಿತ್ತ. ಗಮೆಲಾನ್ ನಡುವಿನಲ್ಲೇ ನಿಂತಿತು.

"ಮಾಸ್, ಒಂದು ನಿಮಿಷ ಬಾವಿ ಹತ್ರ ಬನ್ನಿ."

"ಏನಿದ್ರೂ ಇಲ್ಲೇ ಹೇಳು."

"ಇಲ್ಲ. ಬಾವಿ ಹತ್ರ."

ಹಿರಿಯನಿಗೆ ಅವನು ಇಲ್ಲ ಎಂದದ್ದು ಇದೇ ಮೊದಲು. ಅಣ್ಣ ಬೋಗುಣಿ ಹಿಡಿದುಕೊಂಡೇ ಹಿಂದೆ ಬಂದ.

ಬಾವಿಕಟ್ಟೆಯ ಮೇಲೆ ಮರ್ದಿಕುನ್ ಡಬ್ಬಿಯನ್ನು ಬಿಚ್ಚಿದ.

"ಏನಿದು?"

"ನಿಂಬೆ ಬೀಜ."

"ಕಾಣಿಸುತ್ತೆ. ಎಲ್ಲಿತ್ತು?"

"ಕಿಯಾಯಿ ಹೊಟ್ಟೇಲಿ. ಹೂವೂ ಅಲ್ಲೇ ಇತ್ತು. ಒಂದು ವರ್ಷದ್ದಲ್ಲ."

ಅಣ್ಣ ಒಂದು ಎಸಳನ್ನು ಎತ್ತಿ ನೋಡಿ ಮತ್ತೆ ಡಬ್ಬಿಗೆ ಹಾಕಿದ. ಒಳಗಿನ ಮಾತುಕತೆ ಬಾವಿಯತನಕ ಕೇಳುತ್ತಿತ್ತು.

"ಅಪ್ಪ ಸತ್ತ ವರ್ಷ ಮೊದಲ್ನೇ ಸಲ ನಾನು ತೊಳೆದದ್ದು. ಹೇಗೆ ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ," ಎಂದ ನಿಧಾನವಾಗಿ. "ಅದಕ್ಕೇ ಹೋಯ್ತಾ?"

"ಇಂಗ್ಗಿ."

ಸುವಂದೊ ತಮ್ಮನ ಮುಖ ನೋಡಿದ. "ಯಾವ ಇಂಗ್ಗಿ ಇದು? ನನ್ನ ಬಾಯಿ ಮುಚ್ಚಿಸೋದಾ?"

"ಅಲ್ಲ ಮಾಸ್. ಹೌದು ಅನ್ನೋದು. ನೀರಿಗೇ ಹೋಯ್ತು. ನನ್ನ ಕೈಯಿಂದಲ್ಲ."

ಅಷ್ಟು ಹೇಳಲು ಹತ್ತೊಂಬತ್ತು ವರ್ಷ ಬೇಕಾಗಿತ್ತು. ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಅಣ್ಣ ಬಾವಿಕಟ್ಟೆಯ ಮೇಲೆ ಕೂತ. ಕೋಲಿನಂಥ ಬೆನ್ನು ಬಗ್ಗಿತ್ತು. ಆಮೇಲೆ ಬೋಗುಣಿಯ ನೀರನ್ನು ಹೂವಿನ ಸಮೇತ ಪಪ್ಪಾಯಿ ಗಿಡದ ಬುಡಕ್ಕೆ ಸುರಿದು, ಮುಖ ತೊಳೆದುಕೊಂಡು ಒಳಗೆ ಹೋದ. ಚಾಪೆಯ ಮೇಲಿದ್ದವರಿಗೆ ಹೇಳಿದ್ದು ಇಷ್ಟೇ: "ನೀರು ಚೆಲ್ಲಿಹೋಯ್ತು. ಪ್ರಾರ್ಥನೆ ಶುರು ಮಾಡೋಣ."

ವಾಪಸು ಬರುವಾಗ ರಿಕ್ಷಾದಲ್ಲಿ ರುಸ್ಮಿನಾ ಊಟದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಉದ್ದಕ್ಕೂ ಬೈದಳು. "ಬಯ್ಯೋಕೆ ಐವತ್ತು ಜನ ಬೇಕು, ತಪ್ಪಾಯ್ತು ಅನ್ನೋಕೆ ಬಾವಿಕಟ್ಟೆ ಸಾಕು. ಅದೂ ತಪ್ಪಾಯ್ತು ಅಂದ್ರಾ? ನೀರು ಚೆಲ್ಲಿಹೋಯ್ತಂತೆ. ಚೆಲ್ಲಿಹೋಗಿದ್ದು ನಮ್ಮ ಬದುಕು." ಮರ್ದಿಕುನ್‌ಗೂ ನೋವಾಗಿತ್ತು. ಆದರೆ ಬಾವಿಯ ಹತ್ತಿರ ಕರೆದದ್ದು ತಾನೇ.

ತಿಂಗಳೊಂದು ಕಳೆಯಿತು. ಒಂದು ಬೆಳಗ್ಗೆ ಅಣ್ಣನ ಓಣಿಯ ಪಾಕ್ ಜುಮಾಲಿ ಎಂಬಾತ ಕಂಕುಳಲ್ಲಿ ಹಳೆಯ ರೇಡಿಯೋ ಇಟ್ಟುಕೊಂಡು ಬಾಗಿಲಿಗೆ ಬಂದ.

"ಮರ್ದಿಕುನ್ ಅವರ ಮನೆ ಇದೇ ತಾನೆ? ನಿಮ್ಮಣ್ಣ ಕಳಿಸಿದ್ರು. ಇಡೀ ಸೋಲೋದಲ್ಲಿ ತಂಪು ಕೈ ಅಂದ್ರೆ ನಮ್ಮ ತಮ್ಮಂದು, ಸುಡೋ ಕೈ ನಂದು ಅಂತ ಹೇಳ್ಕೊಂಡು ತಿರುಗ್ತಿದಾರೆ. ಮಸೀದೀಲಿ, ಟೀ ಅಂಗಡೀಲಿ, ಸಿಕ್ಸಿಕ್ಕೋರಿಗೆಲ್ಲ. ನಿಂಬೆ ಹಣ್ಣಿನ ಕಥೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ."

ರುಸ್ಮಿನಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಜುಮಾಲಿಯ ಕೈಯಿಂದ ರೇಡಿಯೋ ಇಸಿದುಕೊಂಡು ಮೇಜಿನ ಮೇಲಿಟ್ಟಳು.

ಜುಮಾಲಿಯ ಹಿಂದೆ ಇನ್ನಿಬ್ಬರು ಬಂದರು. ವಾರ ಮುಗಿಯುವಷ್ಟರಲ್ಲಿ ಮುಂದಿನ ಕೋಣೆಯ ಮೇಜು ತುಂಬಿತು, ಆಮೇಲೆ ನೆಲ. ಏಳು ರೇಡಿಯೋ, ಎರಡು ಫ್ಯಾನು, ಯಾರದೋ ಅನ್ನದ ಕುಕ್ಕರು. ಮರ್ದಿಕುನ್ ಎಲ್ಲರಿಗೂ ಇಂಗ್ಗಿ, ಇಂಗ್ಗಿ ಎಂದ. ಎಲ್ಲರೂ ಸಂತೋಷದಿಂದ ಹೋದರು.

ಶನಿವಾರ ಮಧ್ಯಾಹ್ನ ಅವನು ಜುಮಾಲಿಯ ರೇಡಿಯೋವನ್ನು ಬಿಚ್ಚಿ, ಕಡ್ಡಿ ಕಾಯಿಸಿ, ಎಡಗೈಯಿಂದ ಬಲಗೈಯನ್ನು ಹಿಡಿದು ಬಗ್ಗಿದ. ತುದಿ ಪಕ್ಕಕ್ಕೆ ಹೋಗಿ ಕೂತಿತು. ಮತ್ತೊಮ್ಮೆ. ಮೂರನೆಯ ಸಲ ಬೆರಳು ಸುಟ್ಟುಕೊಂಡ. ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ ಇಟ್ಟು ನೋಡುತ್ತ ಕೂತ. ಕೈಗುಣ ಮನೆಗೆ ವಾಪಸು ಬಂದಿತ್ತು. ಅದಕ್ಕೆ ಬೇಕಾದ ಕೈ ಹೊರಟುಹೋಗಿತ್ತು.

ರುಸ್ಮಿನಾ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ನೆಲದ ಮೇಲಿದ್ದ ರೇಡಿಯೋಗಳನ್ನೆಲ್ಲ ಒಂದು ಸುತ್ತು ನೋಡಿದಳು.

"ಇಷ್ಟು ಜನಕ್ಕೆ ಇಂಗ್ಗಿ ಅಂದಿದೀರಲ್ಲ, ಪಾಕ್ನೆ," ಎಂದಳು ಮೆಲ್ಲಗೆ. "ಯಾವ ಇಂಗ್ಗಿ ಅದು?"

ಅವನು ಸುಟ್ಟ ಬೆರಳನ್ನು ಬಾಯಲ್ಲಿಟ್ಟು ತೆಗೆದ.

"ಗೊತ್ತಿಲ್ಲ ಬುನೆ. ಆ ಕಡ್ಡಿ ಆರಿಸು. ಸೋಮವಾರ ನೋಡೋಣ."